ಹಸಿದವರನ್ನು ಕೂಗುವ ಮಠ

ಆಂಧ್ರದ ಗಡಿಗೆ ಹತ್ತಿರದ ರಾಯಲ್ಪಾಡಿನ ಕಡೆಯ ಆ ಮಠಕ್ಕೆ ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋಗಿದ್ದೆನೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಊಟದ ಹೊತ್ತಿಗೆ ಒಬ್ಬ ಹೆಂಗಸು ಬಾಗಿಲಿಗೆ ಬಂದು, ಹಸಿದವರು ಯಾರಾದರೂ ಇದ್ದೀರಾ ಎಂದು ಕೂಗಿದಳು. ಅಪ್ಪ ತೆಲುಗಿನಲ್ಲಿ ಓಗೊಟ್ಟ. ನೆನಪಿರುವುದು ಇಷ್ಟೇ. ಹೋಗಿದ್ದೇ ನಿಜವಾದರೆ, ಅಪ್ಪ ನನ್ನೊಬ್ಬನನ್ನೇ ಕರೆದುಕೊಂಡು ಹೋದ ಪ್ರಯಾಣವೆಂದರೆ ಅದೊಂದೇ.

ಆ ಮಠ ಹುಡುಕಿಕೊಂಡು ಹೊರಡುವ ಮುನ್ನ ಅಣ್ಣ ಫೋನಿನಲ್ಲಿ ನಕ್ಕ. "ಅಪ್ಪಂಗೆ ತೆಲುಗು ಎಲ್ಲಿ ಬರ್ತಿತ್ತೋ? ಯಾವ್ದೋ ಸಿನಿಮಾ ನೋಡಿ ಅದರೊಳಗೆ ಅಪ್ಪನ್ನ ಸೇರಿಸ್ಕೊಂಡಿದ್ದೀಯ."

ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು, ಅವನ ಮಾತನ್ನು ತಳ್ಳಿಹಾಕಲು ಪುರಾವೆ ಇರಲಿಲ್ಲ. ಮನೆಯಲ್ಲಿ ಅಪ್ಪ ಒಂದು ತೆಲುಗು ಪದ ಆಡಿದ್ದನ್ನು ನಾನೂ ಕೇಳಿಲ್ಲ. ಈಗ ಕೇಳೋಣವೆಂದರೆ ಅಪ್ಪ ಇಲ್ಲ.

ಕೋಲಾರದಿಂದ ಶ್ರೀನಿವಾಸಪುರಕ್ಕೆ ಬಸ್ಸು, ಮುಂದೆ ಷೇರ್ ಆಟೊ. ಮೋಡ ಕವಿದಿತ್ತು. ರಸ್ತೆ ಬದಿಗೆ ಸುರಿದಿದ್ದ ಟೊಮೆಟೊ ಕೊಳೆತು ನಾರುತ್ತಿತ್ತು. ಮಠದ ಸುತ್ತ ಕಬ್ಬಿಣದ ಬೇಲಿ, ಗೇಟಿನ ಬಳಿ ಸಂರಕ್ಷಿತ ಸ್ಮಾರಕವೆಂಬ ನೀಲಿ ಫಲಕ. ಅಡುಗೆಮನೆಯ ಗೋಡೆಗಳ ಮಸಿಯನ್ನೂ ಉಜ್ಜಿ ತೆಗೆದಿದ್ದರು. ಒಲೆಯ ಗುಂಡಿಯಲ್ಲಿ ಪಾರಿವಾಳದ ಹಿಕ್ಕೆ. ನನ್ನ ನೆನಪಿಗೆ ಹೊಂದುವಂಥದ್ದು ಅಲ್ಲಿ ಏನೂ ಸಿಗಲಿಲ್ಲ.

ಮಠ ನೋಡಿಕೊಳ್ಳುವ ಮನೆತನದ ಗೌರಮ್ಮ ಜಗಲಿಯಲ್ಲಿ ಕೂತಿದ್ದರು. "ಬೆಂಕಿ ಹಚ್ಚಂಗಿಲ್ಲ ಅಂತ ಆರ್ಡರ್ ಆಗೈತೆ ಸಾಮೀ. ಕಲ್ಲು ಕಪ್ಪಾಗ್ತದಂತೆ. ಹಸಿದೋರ ಮುಖ ಕಪ್ಪಾದ್ರೆ ಯಾವ ಆರ್ಡರೂ ಇಲ್ಲ," ಎಂದರು.

ಮಧ್ಯಾಹ್ನ ಮನೆಯಿಂದ ತಂದಿದ್ದ ಡಬ್ಬಿಯನ್ನು ಬಿಚ್ಚದೆ ಅವರು ಬಾಗಿಲಿಗೆ ಹೋಗಿ ನಿಂತರು. ಕೂಗದೆ ಮಠದವರು ಉಣ್ಣುವಂತಿಲ್ಲ. ಒಲೆ ಆರಿದರೂ ಆ ಕಟ್ಟಳೆ ಉಳಿದಿದೆ. "ಹಸಿದೋರು ಯಾರಾದ್ರೂ ಇದ್ದೀರಾ?" ಎಂದು ಖಾಲಿ ಬಯಲಿಗೆ ಕೂಗಿದರು. ಮತ್ತೆ ಅದನ್ನೇ ತೆಲುಗಿನಲ್ಲಿ.

"ಉಂಡಾಮಮ್ಮಾ," ಎಂದೆ. ಇದ್ದೀವಮ್ಮಾ, ಎಂದು. ತೆಲುಗು ಬಾರದ ನನ್ನ ಬಾಯಿಗೆ ಅದು ಹೇಗೆ ಬಂತೋ ತಿಳಿಯದು.

ಗೌರಮ್ಮ ಗಕ್ಕನೆ ತಿರುಗಿದರು. "ಒಬ್ನೇ ಬಂದು ಇದ್ದೀವಿ ಅಂತೀಯಲ್ಲಪ್ಪ, ಇನ್ನೊಬ್ರೆಲ್ಲಿ?" ಎಂದು ನಗುತ್ತಾ ತಣ್ಣಗಾಗಿದ್ದ ಮುದ್ದೆಯನ್ನು ಮುರಿದು ಅರ್ಧ ಕೊಟ್ಟರು. ಜಗಲಿಯಲ್ಲೇ ಕೂತು ಉಂಡೆ. ನನ್ನ ಬಾಯಿಗೆ ಬಂದದ್ದು ಅಣ್ಣ ಹೇಳಿದಂತೆ ಸಿನಿಮಾದ ಮಾತೇ ಇರಬೇಕೆಂದು ಹಿಂದಿರುಗುವ ಬಸ್ಸಿನಲ್ಲೂ ಅನಿಸುತ್ತಿತ್ತು.

ಆಮೇಲೊಂದು ಭಾನುವಾರ ಮಾಲೂರಿಗೆ ಹೋಗಿ ಅಪ್ಪನ ಅಕ್ಕನನ್ನು ಕೇಳಿದೆ.

"ನಮ್ಮಮ್ಮ ಸತ್ತ ವರ್ಷ ಅವನನ್ನ ರಾಯಲ್ಪಾಡಲ್ಲಿ ನೆಂಟರ ಮನೇಲಿ ಬಿಟ್ಟಿದ್ರು ಕಣೋ," ಎಂದರು ಅತ್ತೆ. "ಅವ್ರು ಸರಿಯಾಗಿ ಊಟಕ್ಕಿಕ್ತಿರಲಿಲ್ಲ. ದಿನಾ ಮಠದ ಮುಂದೆ ಕೂತು, ಯಾವಾಗ ಕೂಗ್ತಾರೋ ಅಂತ ಕಾಯ್ತಿದ್ದನಂತೆ. ಅಲ್ಲಿ ಕಲ್ತ ತೆಲುಗನ್ನ ವಾಪಸ್ ಬಂದ ಮೇಲೆ ಆಡಲೇ ಇಲ್ಲ."

ಅಪ್ಪ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದನೇ ಎಂಬುದು ಅತ್ತೆಗೂ ಗೊತ್ತಿಲ್ಲ. ಅಪ್ಪನಿಗೆ ತೆಲುಗು ಬರುತ್ತಿತ್ತು.