ಸೂರ್ಯನ ಮೇಲೆ ಹಾಕಿದ ತಪ್ಪು

ಕದಿರಪ್ಪ ಪಿಯುಸಿಯ ಭೌತಶಾಸ್ತ್ರಕ್ಕೆ ಎರಡು ಸಲ ಕೂತು ಎರಡು ಸಲವೂ ಡುಮ್ಕಿ ಹೊಡೆದವನು. ಆದ್ದರಿಂದ ವಕ್ಕಲೇರಿಯ ಹಾಲಿನ ಡೇರಿಯಲ್ಲಿ ಸೂರ್ಯ ಚಂದ್ರರ ವಿಷಯಕ್ಕೆ ಅವನೇ ಅಧಿಕಾರಿ. ಸಂಬಳ ಕೊಡುತ್ತಿದ್ದುದು ಮಾತ್ರ ಹಾಲು ಅಳೆಯುವುದಕ್ಕೆ. ಸಾಲು ಕರಗಿದ ಮೇಲೂ ಕ್ಯಾನು ಹಿಡಿದು ನಿಂತವರಿಗೆ ಪೇಪರು ಓದಿ ಹೇಳುವುದು ಅವನ ಪುಕ್ಕಟೆ ಸೇವೆ. ಪೇಪರಿನಲ್ಲಿ ಇಲ್ಲದ್ದನ್ನೂ ಸೇರಿಸಿ ಹೇಳುತ್ತಿದ್ದುದರಿಂದ ಕೇಳುವವರಿಗೆ ಕೊರತೆ ಇರಲಿಲ್ಲ.

1981ರ ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಒಳಪುಟದಲ್ಲಿ ಸಣ್ಣ ಸುದ್ದಿ ಸಿಕ್ಕಿತು. ಎರಡು ವರ್ಷದ ಹಿಂದೆ, ಆಗಸ್ಟ್ ಕೊನೆಯಲ್ಲಿ, ಒಂದು ಧೂಮಕೇತು ಹೋಗಿ ಸೂರ್ಯನಿಗೇ ಬಡಿದಿತ್ತಂತೆ. ಉಪಗ್ರಹ ತೆಗೆದ ಚಿತ್ರಗಳನ್ನು ನೋಡಿದಾಗ ಈಗ ಗೊತ್ತಾಯಿತಂತೆ. ಅಂಥ ಹೊಡೆತಕ್ಕೆ ಸೂರ್ಯ ಸಿಡಿಯಬಹುದೇ ಎಂದು ಕೇಳಿ ಸುದ್ದಿ ಮುಗಿದಿತ್ತು. ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬಿಡುವ ಜಾಯಮಾನ ಕದಿರಪ್ಪನದಲ್ಲ. ಸಿಡಿಯಿತು ಎಂದ. ಬೆಂಕಿಯ ನಾಲಿಗೆ ಭೂಮಿಯವರೆಗೂ ಚಾಚಿತು ಎಂದ.

ಸಾಲಿನಲ್ಲಿದ್ದ ಮುತ್ಯಾಲಮ್ಮ ಅದು ಯಾವ ಹಬ್ಬದ ಆಸುಪಾಸು ಎಂದು ಕೇಳಿದಳು. ಗೌರಿ ಗಣೇಶ ಆದ ವಾರ ಎಂದ ಕದಿರಪ್ಪ. ಮುದುಕಿ ಕ್ಯಾನು ಕೆಳಗಿಟ್ಟಳು.

ಆ ವಾರ ಏನಾಗಿತ್ತೆಂದು ಊರಿಗೆಲ್ಲ ಗೊತ್ತಿತ್ತು. ಮುತ್ಯಾಲಮ್ಮನ ರೇಷ್ಮೆಹುಳು ಕೊನೆಯ ಜ್ವರ ಎದ್ದು, ಎಂದರೆ ಕೊನೆಯ ಪೊರೆ ಬಿಟ್ಟು, ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ತಟ್ಟೆತಟ್ಟೆಯೇ ಸತ್ತುಬಿದ್ದಿತ್ತು. ಸೊಸೆ ಶಾಮಲಮ್ಮ ಗೌರಿಹಬ್ಬಕ್ಕೆ ತವರಿಗೆ ಹೋಗಿ ಬಂದವಳು ಕಾಲು ತೊಳೆಯದೆ ಹುಳುಮನೆ ಹೊಕ್ಕಿದ್ದಳು. ಅದೇ ಕಾರಣ ಎಂದು ತೀರ್ಮಾನವಾಗಿ ಅವಳು ತವರೂರು ಗೌನಿಪಲ್ಲಿಗೆ ವಾಪಸಾದಳು. ಗಂಡ ಕೋದಂಡರಾಮಪ್ಪ ಬಾಯಿ ಬಿಡಲಿಲ್ಲ. ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡಿದ್ದ ತನ್ನ ಟೊಮೇಟೊಗೆ ಔಷಧಿ ಹೊಡೆದುಕೊಂಡು ಇದ್ದುಬಿಟ್ಟ. ಅವನ ಕೈ ಎಷ್ಟು ನಾರುತ್ತಿತ್ತೆಂದರೆ, ಹಾಲಿಗೆ ವಾಸನೆ ಹತ್ತೀತೆಂದು ಕದಿರಪ್ಪ ಅವನನ್ನು ಡೇರಿಯ ಬಾಗಿಲಾಚೆಯೇ ನಿಲ್ಲಿಸುತ್ತಿದ್ದ.

“ಹಂಗಾದ್ರೆ ನನ್ನ ಹುಳ ಸತ್ತಿದ್ದು ಆ ಹುಡುಗಿ ಕಾಲಿಂದ ಅಲ್ವೇನಪ್ಪಾ?” ಎಂದಳು ಮುತ್ಯಾಲಮ್ಮ.

“ಅಲ್ಲಮ್ಮಾ. ಸೂರ್ಯನಿಂದ.”

ಅದಾದ ವಾರದೊಳಗೆ ಶಾಮಲಮ್ಮ ಗಂಡನ ಮನೆಗೆ ವಾಪಸು ಬಂದಳು. ಒಂದು ಸಂಸಾರ ಕೂಡಿಸಿದೆನೆಂದು ಕದಿರಪ್ಪ ಎದೆ ಉಬ್ಬಿಸಿ ಓಡಾಡಿದ. ಕೋಲಾರದಲ್ಲಿ ತನ್ನನ್ನು ಎರಡು ಸಲವೂ ಫೇಲು ಮಾಡಿದ್ದ ಮೇಷ್ಟ್ರು ಸುಬ್ಬರಾಯಪ್ಪನವರು ಸಿಕ್ಕಾಗ ಅವರ ಮುಂದೆಯೂ ಕೊಚ್ಚಿಕೊಂಡ. ಅವರು ನಗಲಿಲ್ಲ. ಸೂರ್ಯ ಸಿಡಿಯುವುದು ತನ್ನದೇ ಕಾಂತಶಕ್ತಿ ಹುರಿಗೊಂಡು. ಧೂಮಕೇತು ಬಿದ್ದರೆ ಕೆಂಡದ ರಾಶಿಗೆ ಸಾಸಿವೆ ಬಿದ್ದ ಹಾಗೆ. ಎರಡೂ ಒಂದೇ ದಿನ ಆಯಿತೆಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತೆನ್ನಲು ಪುರಾವೆ ಇಲ್ಲ. ಸಿಡಿದರೂ ರೇಡಿಯೋ ಗೊರಗುಟ್ಟೀತೇ ಹೊರತು ಹುಳು ಸಾಯುವುದಿಲ್ಲ ಎಂದರು. ನೀನು ಇನ್ನೂ ಹಾಗೇ ಇದ್ದೀಯಲ್ಲೋ ಎಂದು ಬಸ್ಸು ಹತ್ತಿದರು.

ಅಲ್ಲಿಂದ ಕದಿರಪ್ಪನ ನೆಮ್ಮದಿ ಹೋಯಿತು. ಮುತ್ಯಾಲಮ್ಮ ಪ್ರತಿ ಬೆಳೆಗೂ ಹುಳುವಿನ ಮೊಟ್ಟೆ ತರುವ ಮುಂಚೆ ಡೇರಿಗೆ ಬಂದು, ಈ ಸಲ ಏನಾದರೂ ಬೀಳುತ್ತದಾ ಎಂದು ವಿಚಾರಿಸತೊಡಗಿದಳು. ಬೀಳುತ್ತದೆ ಎಂದರೆ ಅವಳು ಹುಳು ಇಡುವುದಿಲ್ಲ, ಮನೆ ಉಪವಾಸ. ಬೀಳುವುದಿಲ್ಲ ಎಂದು ಹೇಳಿ ಹುಳು ಸತ್ತರೆ ತಪ್ಪು ಮತ್ತೆ ಸೊಸೆಯ ಕಾಲಿನದೇ. ಕದಿರಪ್ಪ ಬೀಳುವುದಿಲ್ಲ ಎನ್ನುತ್ತಾ, ಅವಳ ಹುಳು ಗೂಡು ಕಟ್ಟುವವರೆಗೆ ತಾನೇ ಜ್ವರ ಬಂದವನಂತೆ ಇರುತ್ತಿದ್ದ. ಭೌತಶಾಸ್ತ್ರದ ಪರೀಕ್ಷೆಗೂ ಅವನು ಅಷ್ಟು ಹೆದರಿದ್ದಿಲ್ಲ.

ಎರಡನೇ ವರ್ಷದ ಬೇಸಿಗೆಯಲ್ಲಿ ಹುಳು ಸತ್ತಿತು. ಬೆಳಿಗ್ಗೆ ಮುತ್ಯಾಲಮ್ಮ ಬಂದಳು, ಹಿಂದೆ ಕ್ಯಾನು ಹಿಡಿದು ಶಾಮಲಮ್ಮ. ಇಡೀ ಸಾಲು ತಿರುಗಿ ನೋಡಿತು.

“ಏನೂ ಬೀಳಲ್ಲ ಅಂದಿದ್ದೆ,” ಎಂದಳು ಮುದುಕಿ. “ಬಿತ್ತಾ, ಇಲ್ವಾ? ದೇವರಾಣೆ ಮಾಡಿ ಹೇಳು.”

ನಿಜ ಹೇಳಿಬಿಡಬೇಕೆಂದು ಕದಿರಪ್ಪ ಎಷ್ಟೋ ದಿನದಿಂದ ಮಾತು ಜೋಡಿಸಿಟ್ಟಿದ್ದ. ಧೂಮಕೇತುವಿನಿಂದಲೂ ಅಲ್ಲ, ಕಾಲಿನಿಂದಲೂ ಅಲ್ಲ ಎನ್ನಬೇಕಿತ್ತು. ಹಾಗಾದರೆ ಯಾವುದರಿಂದ ಎಂದು ಮುದುಕಿ ಕೇಳಿದರೆ ಉತ್ತರ ಇರಲಿಲ್ಲ. ಉತ್ತರವಿಲ್ಲದಿದ್ದರೆ ಗೌನಿಪಲ್ಲಿ ಕಡೆಯ ಬಸ್ಸು ಇದ್ದೇ ಇತ್ತು. ಶಾಮಲಮ್ಮ ನೆಲ ನೋಡುತ್ತಿದ್ದಳು.

“ಬಿತ್ತಮ್ಮಾ,” ಎಂದ. “ಇವತ್ತಿನ ಪೇಪರಲ್ಲಿ ಹಾಕವ್ರೆ.” ಪಂಪ್‌ಸೆಟ್ಟಿನ ಜಾಹೀರಾತಿದ್ದ ಪುಟವನ್ನು ಮಡಿಸಿ ತೋರಿಸಿದ.

ಮುತ್ಯಾಲಮ್ಮ ಆ ಮಡಿಕೆಯನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೂರ್ಯನಿಗೊಂದು ಶಾಪ ಹಾಕಿ ಹೊರಟುಹೋದಳು.

ಶಾಮಲಮ್ಮ ಮುಂದೆ ಬಂದು ಕ್ಯಾನು ನೀಡಿದಳು. ಹಿಡಿಯಿಂದ ಔಷಧಿಯ ಘಾಟು ಬಂತು. ದಿನವೂ ಬರುತ್ತಿದ್ದ ಘಾಟೇ. ಕೋದಂಡರಾಮಪ್ಪನನ್ನು ಬಾಗಿಲಾಚೆ ನಿಲ್ಲಿಸಿದ ಮೂಗಿಗೆ, ಅವನ ಟೊಮೇಟೊ ಮೇಲಿನ ಗಾಳಿ ಹಿಪ್ಪುನೇರಳೆ ಸೊಪ್ಪಿನ ಕಡೆಗೇ ಬೀಸುತ್ತದೆಂದು ಇಷ್ಟು ದಿನ ಹೊಳೆದಿರಲಿಲ್ಲ.

“ಮನೇಲಿ ಒಂದ್ಸಲ ಹೇಳಿ ನೋಡಿದ್ದೆ, ಗಂಡನ ಮೇಲೇ ತಪ್ಪು ಹಾಕ್ತೀಯಾ ಅಂದ್ರು ಅತ್ತೆ,” ಎಂದಳು ಅವಳು, ಕದಿರಪ್ಪನಿಗಷ್ಟೇ ಕೇಳುವ ಹಾಗೆ. “ಇನ್ಮೇಲೆ ನಮ್ಮನೆಯವರು ಟೊಮೇಟೊಗೆ ಔಷಧಿ ಹೊಡೆಯೋ ದಿನ ಮುಂಚೇನೇ ನಿಮಗೆ ಹೇಳ್ತೀನಿ. ಅವತ್ತೇ ಬೀಳ್ಸಿ.”

ಕದಿರಪ್ಪ ಹಾಲು ಸುರಿದುಕೊಂಡ. ಅಳತೆ ತಪ್ಪಿ ಸ್ವಲ್ಪ ನೆಲಕ್ಕೂ ಹೋಯಿತು.