ಹೊಳೆಯ ನಡುವೆ ಹೊತ್ತಿಸಿದ ಒಲೆ

ರಜಾಕಾರರ ಗದ್ದಲ ಮುಗಿದ ಮರುವರ್ಷ ನನ್ನ ಮದುವೆಯಾಯಿತು. ತವರು ಮಸ್ಕಿ, ಅಪ್ಪ ಅಲ್ಲಿ ಬಾಡಿಗೆ ಬಂಡಿ ಹೊಡೆಯುತ್ತಿದ್ದ. ಗಂಡ ಲಿಂಗಸೂಗೂರಿನ ಆಚೆ ಕೃಷ್ಣಾ ಹೊಳೆಯಲ್ಲಿ ಹರಿಗೋಲು ಹಾಕುವ ಅಂಬಿಗ. ಗಂಡಿಗೆ ಮನೆ ಉಂಟೇ ಎಂದು ಅಪ್ಪ ಕೇಳಿದಾಗ ಉಂಟು ಎಂದಿದ್ದರಂತೆ. ಸುಳ್ಳೇನೂ ಹೇಳಿರಲಿಲ್ಲ. ಹಗಲು ಜನರನ್ನು ದಾಟಿಸುವ, ಬಿದಿರು ಬುಟ್ಟಿಗೆ ತೊಗಲು ಹೊದಿಸಿದ ಹರಿಗೋಲನ್ನು ಸಂಜೆ ಮೇಲಕ್ಕೆಳೆದು ಬೋರಲು ಹಾಕಿ, ಒಂದು ಬದಿಯನ್ನು ಕವೆಗೋಲಿನ ಮೇಲೆ ಎತ್ತಿ ನಿಲ್ಲಿಸಿದರೆ ಅದೇ ಮನೆ. ಮಳೆಗಾಲದಲ್ಲಿ ಅದು ದಡದ ಮೇಲಿರುತ್ತಿತ್ತು, ಬೇಸಿಗೆಯಲ್ಲಿ ಹೊಳೆ ನಡುವಿನ ಮರಳು ದಿಬ್ಬದ ಮೇಲೆ. ಅದರೊಳಗೆ ಗಂಡ, ಅತ್ತೆ, ನಾನು.

ಆ ಮನೆಯಲ್ಲಿ ನಿಲ್ಲಲು ಬರುತ್ತಿರಲಿಲ್ಲ. ಅತ್ತೆಯ ಮುಂದೆ ತಲೆ ತಗ್ಗಿಸಿ ನಡೆಯಬೇಕು ಎಂದು ಅವ್ವ ಬುದ್ಧಿ ಹೇಳಿ ಕಳಿಸಿದ್ದು ದಂಡವಾಯಿತು, ಮನೆಯೇ ತಗ್ಗಿಸುತ್ತಿತ್ತು. ಬುಟ್ಟಿ, ಗಂಗಾಳ, ಉಪ್ಪಿನ ಗಡಿಗೆ ಎಲ್ಲವನ್ನೂ ಮೇಲಿನ ಬಿದಿರು ಪಟ್ಟಿಗಳಿಗೆ ಕಟ್ಟಿ ತೂಗುಬಿಡುತ್ತಿದ್ದೆವು. ಎಮ್ಮೆಯ ತೊಗಲಿನ ಮಾಡು ಬಿಸಿಲಿಗೆ ಒಣಗಿದರೆ ಬಿರಿಯುತ್ತದೆ. ಅದಕ್ಕೇ ಬೇರೆ ಹೆಂಗಸರು ಬೆಳಗ್ಗೆ ಅಂಗಳಕ್ಕೆ ನೀರು ಹೊಡೆದರೆ ನಾನು ಮಾಡಿಗೆ ಹೊಡೆಯುತ್ತಿದ್ದೆ. ನಾಯಿ ಬಂದು ಮನೆಯನ್ನೇ ಕಡಿಯುತ್ತದೆ ಎಂದು ಹೇಳಿದರೆ ಮಸ್ಕಿಯ ಗೆಳತಿಯರು ನಂಬಲಿಲ್ಲ. ಹಾಸಿಗೆಯೆಂದರೆ ಮರಳಿನ ಮೇಲೊಂದು ಕಂಬಳಿ. ಮರಳನ್ನು ಆಗಾಗ ಬದಲಿಸಿದರೆ ಚೊಕ್ಕ ಮನೆತನ, ಇಲ್ಲದಿದ್ದರೆ ಇರುವೆ.

ಒಲೆ ಮಾತ್ರ ಯಾವಾಗಲೂ ಹೊರಗೆ. ತೊಗಲಿಗೆ ಬೆಂಕಿಯ ಝಳ ತಾಗಬಾರದು. ಅಡುಗೆ ನಡೆದಾಗ ದಡದಿಂದ ಯಾರಾದರೂ ಕೂಗಿದರೆ ಗಂಡ ಮನೆಯನ್ನು ಮಗುಚಿ ನೀರಿಗೆ ಎಳೆದುಕೊಂಡು ಹೊರಟುಬಿಡುತ್ತಿದ್ದ. ಅವನು ಬರುವತನಕ ಅತ್ತೆ ಮತ್ತು ನಾನು ಗಡಿಗೆ ಬುಟ್ಟಿಗಳ ನಡುವೆ ಬಿಸಿಲಲ್ಲಿ ಕುಳಿತಿರಬೇಕು. ಸಂತೆಗೆ ಹೋದ ಮನೆಗಾಗಿ ಕಾಯುವುದು ಬೇರೆ ಯಾರಿಗೆ ಬಂದೀತು?

ಎರಡನೇ ಬೇಸಿಗೆಯಲ್ಲಿ ನಾನು ಬಸುರಿ. ಐದು ತಿಂಗಳು ತುಂಬಿದ ಬಸುರಿ ಹೊಳೆ ದಾಟಬಾರದು ಎಂಬುದು ನಮ್ಮಲ್ಲಿಯ ಕಟ್ಟು. ಊರವರನ್ನೆಲ್ಲ ದಾಟಿಸುವ ಮನೆತನಕ್ಕೆ ಇಂಥ ಕಟ್ಟು ಎಂದು ನನಗೆ ನಗು ಬರುತ್ತಿತ್ತು, ಆದರೆ ಅತ್ತೆಯ ಮುಂದೆ ನಗುವಂತಿರಲಿಲ್ಲ. ಅವಳ ಹಿರಿಯ ಮಗಳು ತುಂಬಿದ ಬಸುರಿಯಾಗಿ ಹೊಳೆ ದಾಟಿ ತವರಿಗೆ ಬಂದು, ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಆ ಮಾತನ್ನು ಅತ್ತೆ ಎಂದೂ ಆಡಲಿಲ್ಲ. ಗಂಡ ಹೇಳಿ ಗೊತ್ತು.

ನಮ್ಮ ದಿಬ್ಬಕ್ಕೂ ಲಿಂಗಸೂಗೂರಿನ ಕಡೆಯ ದಡಕ್ಕೂ ನಡುವಿನ ಹರಿವು ಬತ್ತಿ ಬರೀ ಮರಳಾಗಿತ್ತು. ಮರಳ ಮೇಲೆ ನಡೆದು ಹೋದರೆ ಹೊಳೆ ದಾಟಿದ ಲೆಕ್ಕವಲ್ಲ. ಅಪ್ಪ ಏಳನೇ ತಿಂಗಳಿಗೆ ಬಂಡಿ ತಂದು ಕರೆದೊಯ್ಯುವುದೆಂದು ಮಾತಾಗಿತ್ತು. ಎತ್ತು ಕುಂಟಿತೆಂದು ಅಪ್ಪ ತಡಮಾಡಿದ. ನಮ್ಮ ಕಡೆ ಒಂದು ಹನಿಯೂ ಬೀಳುವ ಮುಂಚೆ, ಎಲ್ಲೋ ಪಡುವಣದಲ್ಲಿ ಸುರಿದ ಮಳೆಯ ಕೆಂಪು ನೀರು ಬಂದು ಆ ಮರಳನ್ನು ತುಂಬಿತು. ಮರುದಿನ ಅಪ್ಪನ ಬಂಡಿ ಆಚೆ ದಡದಲ್ಲಿ ನಿಂತಿತ್ತು.

ನೀರು ಇನ್ನೂ ಏರುವುದಿತ್ತು. ಏರಿದರೆ ಹರಿಗೋಲು ಹೋಗುವುದಿಲ್ಲ. ದಿಬ್ಬ ಮುಳುಗದೆ ಉಳಿದರೂ ಅದರ ಮೇಲೆ, ತೊಗಲಿನ ಕೆಳಗೆ, ಸೂಲಗಿತ್ತಿಯಿಲ್ಲದೆ ನಾನು ಹೆರಬೇಕು. ಹೋದರೆ ಕಟ್ಟು ಮುರಿಯಬೇಕು. ನನಗೆ ಕಟ್ಟಿನ ಚಿಂತೆ ಇರಲಿಲ್ಲ. ಸಾಯುವ ಹೆದರಿಕೆ ಇತ್ತು, ಅವ್ವ ಬೇಕಾಗಿದ್ದಳು.

"ನಡಿಯವ್ವಾ, ನೀರು ಏರಾಕತ್ತೈತಿ. ನಾ ಈಕಿನ್ನ ಕರಕೊಂಡು ಹೋಗ್ತೀನಿ," ಎಂದ ಗಂಡ ತಾಯಿಗೆ.

"ಒಬ್ಬಾಕಿನ್ನ ಹಿಂಗ ದಾಟಿಸೀನಿ ನಾ," ಎಂದಳು ಅತ್ತೆ. ಅಷ್ಟೇ.

ಆಮೇಲೆ ಅವಳು ಎದ್ದು, ಹರಿಗೋಲನ್ನು ಮಗುಚಿ ನೀರಿಗೆ ಬಿಡಿಸಿದಳು. ತಳಕ್ಕೆ ಹಸಿ ಮರಳು ಹಾಸಿದಳು. ಹೊರಗಿನ ಒಲೆಯ ಮೂರು ಕಲ್ಲನ್ನೂ ತಂದು ಅದರ ಮೇಲಿಟ್ಟು, ಕೆಂಡ ಹಾಕಿ, ಎಸರಿಟ್ಟಳು. ಉಪ್ಪಿನ ಗಡಿಗೆ, ಬುಟ್ಟಿ, ಕಂಬಳಿ ಎಲ್ಲ ಒಳಗೆ ಬಂದವು.

"ಇದೇನಬೇ?" ಎಂದ ಗಂಡ.

"ಮನಿ. ಒಲಿ ಉರಿಯಾಕತ್ತೈತಿ, ಆಕಿ ಒಲಿ ಮುಂದ ಕುಂತಾಳ. ಮನ್ಯಾಗ ಕುಂತಾಕಿ ಹೊಳಿ ಹ್ಯಾಂಗ ದಾಟ್ತಾಳ? ನೀ ಸುಮ್ನ ಹುಟ್ಟು ಹಾಕಲೇ."

ಇಂಥ ವಕೀಲಿಯನ್ನು ಹೈದರಾಬಾದಿನ ಕಚೇರಿಯಲ್ಲಿ ಕಲಿತವರೂ ಮಾಡಲಾರರು. ನಾನು ಒಲೆಯ ಮುಂದೆ ಕುಳಿತು ಎಸರಿಗೆ ನುಚ್ಚು ಹಾಕಿದೆ. ಗಂಡ ಹುಟ್ಟು ಹಾಕಿದ.

ನಡುನೀರಿಗೆ ಬಂದಾಗ ಸೆಳವು ಜೋರಾಗಿ ಹರಿಗೋಲು ಗರಗರ ತಿರುಗಿ ವಾಲಿತು. ಒಲೆಯ ಕಲ್ಲು ಜರುಗಿ ಕೆಂಡ ಚೆಲ್ಲಿತು. ಗಂಜಿ ಅದರ ಮೇಲೆ ಬಿತ್ತು, ಆದರೆ ಒಂದು ಕೆಂಡ ಮರಳು ದಾಟಿ ಬದಿಯ ಹೊಲಿಗೆಯ ಸಂದಿಗೆ ಸೇರಿತ್ತು. ಸುಟ್ಟ ತೊಗಲಿನ ನಾತ ಮೊದಲು ಬಂತು, ಆಮೇಲೆ ನೀರು. ಯಾವ ಅಂಬಿಗಿತ್ತಿಯೂ ಮಾಡದ ತಪ್ಪನ್ನು ನಮ್ಮತ್ತೆ ತಿಳಿದೂ ತಿಳಿದೂ ಮಾಡಿದ್ದಳು.

ಒಲೆ ಆರಿತು. ಅತ್ತೆಯ ಮುಖ ನೋಡಿ ನನಗೆ ನೀರಿಗಿಂತ ಹೆಚ್ಚು ಹೆದರಿಕೆಯಾಯಿತು. ಅವಳ ಲೆಕ್ಕದಲ್ಲಿ ಮನೆ ಮುಗಿದಿತ್ತು. ಉಳಿದದ್ದು ಹೊಳೆ, ಅದರಲ್ಲಿ ನಾನು.

ಅವಳು ಕಂಬಳಿಯನ್ನು ಮಡಿಚಿ ಹರಿದ ಹೊಲಿಗೆಯ ಮೇಲೆ ಹಾಕಿ, ಅದರ ಮೇಲೆ ತಾನೇ ಭದ್ರವಾಗಿ ಕುಳಿತಳು. ನೀರು ಬರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ತಳದಲ್ಲಿ ಅದು ನನ್ನ ಕಡೆ ಹರಿದು ಬರತೊಡಗಿತು.

"ಕಾಲು ಕೊಡಿಲ್ಲಿ," ಎಂದಳು.

ನನಗೆ ತಿಳಿಯಲಿಲ್ಲ. ಅವಳೇ ಬಗ್ಗಿ ನನ್ನ ಎರಡೂ ಕಾಲನ್ನು ಹಿಡಿದೆತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ನಾಚಿಕೆಯಿಂದ ಎಳೆದುಕೊಳ್ಳಲು ಹೋದೆ. ಅತ್ತೆಯ ಮೈಗೆ ಸೊಸೆಯ ಕಾಲು ತಾಗಿದರೆ ಪಾಪ ಎಂದು ಕೇಳಿ ಬೆಳೆದವಳು ನಾನು.

"ಅಲುಗಬ್ಯಾಡ. ಹೊಳಿ ನಿನ್ನ ಮುಟ್ಟಬಾರದು," ಎಂದು ಇನ್ನೂ ಗಟ್ಟಿಯಾಗಿ ಹಿಡಿದಳು. ನೀರು ಅವಳ ಸೊಂಟದ ಸೀರೆಯನ್ನೆಲ್ಲ ತೋಯಿಸಿತು. ಅವಳು ದಡ ನೋಡಲಿಲ್ಲ, ಮಗನನ್ನು ನೋಡಲಿಲ್ಲ. ನನ್ನ ಕಾಲನ್ನೇ ನೋಡುತ್ತಿದ್ದಳು. ಆ ಹೆಂಗಸಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆವತ್ತು, ಅದಕ್ಕೂ ಮುಂಚೆ ಇರಲಿಲ್ಲ.

ದಡದಲ್ಲಿ ಅಪ್ಪ ಮೊಳಕಾಲು ನೀರಿಗಿಳಿದು ನನ್ನನ್ನು ಎತ್ತಿ ಒಣ ನೆಲದ ಮೇಲೆ ಇಳಿಸಿದ. ಗಂಡ ಬೋಗುಣಿಯಿಂದ ನೀರು ಮೊಗೆದು ಚೆಲ್ಲತೊಡಗಿದ. ಅತ್ತೆ ಇಳಿದು ಹರಿಗೋಲಿನ ಅಂಚು ಹಿಡಿದು ನೀರಲ್ಲೇ ನಿಂತಿದ್ದಳು. ತವರಿಗೆ ಹೋಗುವಾಗ ಅತ್ತೆಯ ಕಾಲು ಮುಟ್ಟದೆ ಹೋಗುವುದುಂಟೇ? ನಾನು ತಿರುಗಿ ಬಂದು ಬಗ್ಗಿದೆ.

ಅವಳು ಎರಡು ಹೆಜ್ಜೆ ಹಿಂದಕ್ಕೆ, ಇನ್ನೂ ಆಳಕ್ಕೆ ಸರಿದಳು.

"ಬ್ಯಾಡ ತಾಯಿ, ನನ್ನ ಕಾಲು ನೀರಾಗ ಅದಾವು. ಹಡದು ಬಾ, ಆವಾಗ ಮುಟ್ಟೀಯಂತ."