ಸಂದೇಶದ ಬಾಲ

ದೋಬ್ರಿನಾಳದು ಕಲ್ಲೆದೆ. ಬಲ್ಗೇರಿಯಾದ ಪ್ಲೊವ್ದಿವ್‌ನ ಆ ಕಚೇರಿಯಲ್ಲಿ ಇದನ್ನು ಅಲ್ಲಗಳೆಯುವವರಿರಲಿಲ್ಲ. ಪಕ್ಕದ ಮೇಜಿನ ಕಾಮೆನ್ ಅಂತೂ ಎಂದೋ ತೀರ್ಮಾನಿಸಿಬಿಟ್ಟಿದ್ದ.

ಹಳ್ಳಿಯ ದವಾಖಾನೆಗಳು ಕಳಿಸುವ ರಕ್ತಪರೀಕ್ಷೆಯ ವರದಿಗಳನ್ನು ಬಿಡಿಸಿ ಓದಿ ನಗರದ ವೈದ್ಯರಿಗೆ ದಾಟಿಸುವ ತಂತ್ರಾಂಶ ಅವಳ ಸುಪರ್ದಿನಲ್ಲಿತ್ತು. ಪ್ರತಿ ಸಂದೇಶವೂ ತನ್ನ ಒಡಲು ಎಷ್ಟು ಉದ್ದವೆಂದು ಮೊದಲೇ ಹೇಳಿಕೊಳ್ಳಬೇಕು. ಹೇಳಿದ್ದಕ್ಕೂ ಬಂದದ್ದಕ್ಕೂ ತಾಳೆಯಾಗದಿದ್ದರೆ ಇಡೀ ಸಂದೇಶವನ್ನೇ ತಳ್ಳಿಹಾಕುವಂತೆ ಅವಳು ಬಿಗಿ ಮಾಡಿಟ್ಟಿದ್ದಳು.

ಆ ಚಳಿಗಾಲ ರೊದೋಪಿ ಬೆಟ್ಟದ ಒಂದು ದವಾಖಾನೆಯ ವರದಿಗಳೆಲ್ಲ ಹೀಗೆ ಬಿದ್ದುಹೋಗತೊಡಗಿದವು. ಅಲ್ಲಿಯ ಹೊಸ ಯಂತ್ರ ಅಕ್ಷರಗಳನ್ನು ಎಣಿಸುತ್ತಿತ್ತು. ಅವಳ ತಂತ್ರಾಂಶ ಅಳೆಯುವುದು ಬೈಟ್ ಎಂಬ ಕಂಪ್ಯೂಟರಿನ ಅಳತೆಯಲ್ಲಿ; ಬಲ್ಗೇರಿಯನ್ ಲಿಪಿಯ ಒಂದೊಂದು ಅಕ್ಷರವೂ ಎರಡೆರಡು ಬೈಟ್ ತಿನ್ನುತ್ತದೆ. ಹಾಗಾಗಿ ಹೇಳಿದ್ದು ಗಿಡ್ಡ, ಬಂದದ್ದು ಉದ್ದ. ಯಂತ್ರ ಮಾರಿದವರು ಫೋನೇ ಎತ್ತುತ್ತಿರಲಿಲ್ಲ. ರಕ್ತ ತೆಳುವಾಗಿಸುವ ಗುಳಿಗೆ ನುಂಗುವ ಮುದುಕರು ಅಲ್ಲಿದ್ದರು. ವರದಿ ಕಾಣದೆ ವೈದ್ಯರು ಗುಳಿಗೆಯ ಪ್ರಮಾಣ ಹೇಳುವಂತಿಲ್ಲ. ಬಾಯಿಮಾತನ್ನು ಅವರು ಒಪ್ಪುವುದಿಲ್ಲ. ಅಲ್ಲಿಯ ನರ್ಸ್ ಸೆವ್ದಾ ಅಂದು ಬೆಳಗ್ಗೆಯಿಂದ ಕಾಮೆನ್‌ಗೆ ಫೋನ್ ಮಾಡಿ ಗೋಗರೆಯುತ್ತಿದ್ದಳು. ಕಾಮೆನ್ ದೋಬ್ರಿನಾಳತ್ತ ತಿರುಗಿದ.

"ಅಕ್ಕಾ, ಸ್ವಲ್ಪ ಸಡಿಲ ಬಿಡು. ಅದು ಹೇಳಿದಷ್ಟು ಓದ್ಕೊಂಡ್ರೆ ಸಾಕು."

"ಮಿಕ್ಕ ಬಾಲ?"

"ಎಲ್ಲಾದ್ರೂ ಹಾಳಾಗ್ಹೋಗ್ಲಿ!"

"ಹಾಳಾಗಲ್ಲ ಕಣೋ. ಹಿಂದೆ ಬರೋ ಸಂದೇಶದ ತಲೆಗೆ ಅಂಟ್ಕೊಳ್ಳುತ್ತೆ. ಇವನ ರಕ್ತ ಅವನ ಹೆಸರಿಗೆ. ಆಮೇಲೆ ಗುಳಿಗೆ ನೀನು ಕೊಡ್ತೀಯಾ?"

"ನಿನ್ನ ಮುಂದೆ ಅಳೋದೂ ಒಂದೆ, ಗೋಡೆ ಮುಂದೆ ಅಳೋದೂ ಒಂದೆ."

"ಹಂಗಾದ್ರೆ ಗೋಡೆ ಹತ್ರಾನೇ ಹೋಗಪ್ಪ. ನಂಗಂತೂ ಸಾಕಾಗಿದೆ."

ನಿಜಕ್ಕೂ ಸಾಕಾಗಿತ್ತು. ವರ್ಷಗಳಿಂದ ಇದೇ ಮಾತು, ಇದೇ ತಣ್ಣಗಾದ ಕಾಫಿ. ಬೇಡ ಎನ್ನುವ ಕೆಲಸಕ್ಕೆ ಅವಳೊಬ್ಬಳೇ. ಸಂಜೆಯಾಗುತ್ತಲೇ ಅವಳು ಕೋಟು ತೊಟ್ಟು, ಕಣ್ಣುಜ್ಜಿಕೊಂಡು ಎದ್ದಳು. ಕಾಮೆನ್ ಅವಳಿಗೆ ಹೋಗಿಬರುತ್ತೇನೆ ಎಂದೂ ಹೇಳದೆ ಹೊರಟ.

ಬೀದಿಗಿಳಿದಾಗ ಛತ್ರಿಯ ನೆನಪಾಗಿ ಮರಳಿದ. ಕೆಳಗೆ ಅವಳ ಬಸ್ಸು ಬಂದು ನಿಂತಿತ್ತು. ದೋಬ್ರಿನಾ ಕೋಟಿನಲ್ಲೇ ಮತ್ತೆ ಕೂತಿದ್ದಳು, ಕಿವಿ-ಭುಜದ ನಡುವೆ ಫೋನ್. ಎದುರಿನ ಪರದೆಯಲ್ಲಿ ತಂತ್ರಾಂಶದ ಅದೇ ಬಿಗಿ, ಒಂದು ಎಳೆಯೂ ಸಡಿಲವಾಗಿಲ್ಲ.

"ಅಳಬೇಡ ಸೆವ್ದಾ, ಓದು. ಕಾಗದದ ಮೇಲಿರೋದನ್ನ ಓದು, ನಾನೇ ಒಂದೊಂದಾಗಿ ಟೈಪ್ ಮಾಡಿ ಕಳಿಸ್ತೀನಿ. ಮೊದಲು ಹೆಸರು... ಹೂಂ. ಈಗ ನಾನು ತಿರುಗಿ ಓದ್ತೀನಿ, ನೀನು ತಾಳೆ ನೋಡು."

ಬಸ್ಸು ಹೊರಟಿತು. ಅವಳು ತಲೆಯೆತ್ತದೆ ಕೋಟಿನ ಗುಂಡಿ ಬಿಚ್ಚತೊಡಗಿದಳು.